ಉದ್ಯೋಗ–ವಸತಿ ಸಮತೋಲನ: ಯಾದಗಿರಿ, ಶಹಾಪುರ, ಸುರಪುರ

ಒಂದು ಊರಿನಲ್ಲಿ ಎಷ್ಟು ಜನಕ್ಕೆ ಕೆಲಸವಿದೆ, ಆ ಕೆಲಸದ ಸಂಬಳಕ್ಕೆ ಎಟುಕುವ ಮನೆಗಳು ಎಷ್ಟಿವೆ ಎಂಬ ಎರಡು ಲೆಕ್ಕಗಳ ಹೊಂದಾಣಿಕೆಗೆ ನಗರ ಯೋಜನೆಯಲ್ಲಿ ಉದ್ಯೋಗ–ವಸತಿ ಸಮತೋಲನ ಎಂದು ಹೆಸರು. ಕಾರ್ಖಾನೆ ಬಂದು ಮನೆ ಬರದಿದ್ದರೆ ಬಾಡಿಗೆ ಏರುತ್ತದೆ, ಕೊಳೆಗೇರಿ ಬೆಳೆಯುತ್ತದೆ, ದುಡಿಯುವವರ ದಿನದ ಎರಡು ಮೂರು ತಾಸು ದಾರಿಯಲ್ಲೇ ಕಳೆಯುತ್ತದೆ. ಮನೆಯಿದ್ದು ಕೆಲಸವಿಲ್ಲದಿದ್ದರೆ ಊರು ಮುದುಕರ ಪಾಲಾಗುತ್ತದೆ. ಇಂಗ್ಲೆಂಡಿನ ಎಬೆನೀಜರ್ ಹೊವಾರ್ಡ್ 1898ರಲ್ಲಿ ಮುಂದಿಟ್ಟ ಉದ್ಯಾನನಗರದ ಕಲ್ಪನೆಯಲ್ಲೇ ಈ ಚಿಂತನೆಯ ಬೇರು ಇದೆ. ಆದರೆ ಇದು ಅಳತೆಗೋಲಿನ ರೂಪ ಪಡೆದದ್ದು 1980ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಕಂಪ್ಯೂಟರ್ ಉದ್ಯಮದ ಊರುಗಳು ಕಚೇರಿಗಳಿಗೆ ಧಾರಾಳವಾಗಿ ಪರವಾನಗಿ ಕೊಟ್ಟು, ಮನೆಗಳಿಗೆ ಮಾತ್ರ ಕೈ ಬಿಗಿಹಿಡಿದವು. 1989ರಲ್ಲಿ ರಾಬರ್ಟ್ ಸರ್ವೆರೊ ಪ್ರಕಟಿಸಿದ ಲೇಖನದ ನಂತರ ಉದ್ಯೋಗಗಳ ಸಂಖ್ಯೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ನೋಡುವ ರೂಢಿ ಹಬ್ಬಿತು. ಒಂದು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ದುಡಿಯುವುದರಿಂದ ಆ ಭಾಗಲಬ್ಧ ಒಂದೂವರೆಯ ಆಸುಪಾಸಿನಲ್ಲಿದ್ದರೆ ಊರು ಸರಿಯಾಗಿದೆ ಎಂದು ಅಲ್ಲಿನ ಯೋಜಕರು ಎಣಿಸುತ್ತಾರೆ.

ಈ ಭಾಗಾಕಾರ ಯಾದಗಿರಿ ಜಿಲ್ಲೆಗೆ ನೇರವಾಗಿ ಒಗ್ಗುವುದಿಲ್ಲ. ಇಲ್ಲಿನ ಸಾವಿರಾರು ಕುಟುಂಬಗಳ ಮನೆ ಶಹಾಪುರ, ಸುರಪುರ ತಾಲ್ಲೂಕುಗಳ ಹಳ್ಳಿಯಲ್ಲಿದೆ, ಕೆಲಸ ಸುಮಾರು 500 ಕಿ.ಮೀ. ದೂರದ ಬೆಂಗಳೂರಿನಲ್ಲಿದೆ. ಹಳ್ಳಿಯ ಮನೆಗೆ ಬೀಗ ಬಿದ್ದಿರುತ್ತದೆ, ಅದರ ಯಜಮಾನ ಮಹಾನಗರದ ತಗಡಿನ ಶೆಡ್ಡಿನಲ್ಲಿರುತ್ತಾನೆ. ಈ ಜಿಲ್ಲೆಯ ಕೈಗಾರಿಕಾ ಬೆಳವಣಿಗೆಯನ್ನು ಕುರಿತ ಯಾವುದೇ ವಿವರಣೆ ಈ ದೂರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೂರು ಊರುಗಳು

ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ 2010ರ ಏಪ್ರಿಲ್ 10ರಂದು ಅಸ್ತಿತ್ವಕ್ಕೆ ಬಂತು. ಆಗ ಇದ್ದವು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳು. ಗುರುಮಠಕಲ್, ವಡಗೇರಾ, ಹುಣಸಗಿ ನಂತರ ಸೇರಿದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಅದರಲ್ಲಿ ಪಟ್ಟಣವಾಸಿಗಳು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಯಾದಗಿರಿ ನಗರದಲ್ಲಿ 74 ಸಾವಿರ, ಶಹಾಪುರದಲ್ಲಿ 53 ಸಾವಿರ, ಸುರಪುರದಲ್ಲಿ 51 ಸಾವಿರ ಜನ. ಮೂರನ್ನೂ ಕೂಡಿಸಿದರೂ ಎರಡು ಲಕ್ಷ ಮುಟ್ಟುವುದಿಲ್ಲ. ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಮೂರೂ ತಾಲ್ಲೂಕುಗಳು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ಮೂರು ಊರುಗಳ ಹುಟ್ಟು, ಬದುಕು ಬೇರೆ ಬೇರೆ. ಯಾದಗಿರಿ ರೈಲಿನ ಊರು. 1871ರಲ್ಲಿ ಮುಂಬೈ ಕಡೆಯ ರೈಲುದಾರಿ ರಾಯಚೂರು ತಲುಪಿದಾಗ ಕೋಟೆಯ ಬುಡದ ಈ ಪೇಟೆ ಶೇಂಗಾ, ತೊಗರಿ, ಹತ್ತಿಯ ಸಾಗಣೆಗೆ ನೆಲೆಯಾಯಿತು. ಎಣ್ಣೆ ಗಾಣ, ದಾಲ್ ಮಿಲ್, ಹತ್ತಿ ಜಿನ್ನಿಂಗ್ ಇಲ್ಲಿನ ಹಳೆಯ ಕೈಗಾರಿಕೆಗಳು. ಭೀಮಾ ನದಿಯ ಆಚೆಗಿರುವ ಶಹಾಪುರ ಮತ್ತು ಸುರಪುರಕ್ಕೆ ರೈಲು ಇಲ್ಲ. ಜೇವರ್ಗಿಯಿಂದ ಲಿಂಗಸುಗೂರಿಗೆ ಹೋಗುವ 150-ಎ ಹೆದ್ದಾರಿಯೇ ಅವುಗಳ ಬೆನ್ನೆಲುಬು. ನಾಯಕ ಅರಸರ ರಾಜಧಾನಿಯಾಗಿದ್ದ ಸುರಪುರ ಗುಡ್ಡಗಳ ನಡುವಿನ ಊರು. 1841ರಿಂದ 1853ರವರೆಗೆ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಇಂದಿಗೂ ಇದೆ. ರಕ್ಷಣೆಗೆಂದು ಆರಿಸಿದ ಆ ಬಂಡೆಗಳೇ ಈಗ ಊರಿನ ವಿಸ್ತರಣೆಗೆ ಅಡ್ಡ. ನೆಲ ಸಮತಟ್ಟಾಗಿರುವುದು ರಂಗಂಪೇಟೆ, ತಿಮ್ಮಾಪುರದ ಕಡೆಗೆ, ಹೊಸ ಮನೆಗಳೂ ಆ ದಿಕ್ಕಿಗೇ ಏಳುತ್ತಿವೆ.

ಶಹಾಪುರವನ್ನು ಬೆಳೆಸಿದ್ದು ಕಾಲುವೆ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು, 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಎಡದಂಡೆ ಕಾಲುವೆಯ ಮೂಲಕ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಹರಿಯಿತು. ಜೋಳದ ಎರೆಹೊಲ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರು ಹೊಲ ಕೊಂಡು, ಲಾವಣಿಗೆ ಹಿಡಿದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಕ್ಕಿ ಗಿರಣಿ, ಜಿನ್ನಿಂಗ್ ಮಿಲ್ಲು, ಗೊಬ್ಬರ–ಬೀಜದ ಅಂಗಡಿ, ಟ್ರ್ಯಾಕ್ಟರ್ ಷೋರೂಮುಗಳು ಬಂದವು. ತುಮಕೂರು ಎಂಬ ಹೆಸರಿನ, ಈ ಭಾಗದ ಹಳ್ಳಿಯಲ್ಲಿ ಕೋರ್ ಗ್ರೀನ್ ಸಕ್ಕರೆ ಕಾರ್ಖಾನೆ ನೆಲೆಯೂರಿತು. ಹೊಲದ ಹಣದಿಂದ ಪೇಟೆ ಬೆಳೆದ ಈ ಬಗೆಯಲ್ಲಿ ಕೆಲಸಗಾರ ತನ್ನ ಹಳ್ಳಿಯ ಮನೆಯಿಂದಲೇ ಬಂದು ಹೋಗುತ್ತಾನೆ. ಮಿಲ್ಲುಗಳ ಕೆಲಸ ಮಾತ್ರ ಸುಗ್ಗಿಯ ನಾಲ್ಕೈದು ತಿಂಗಳಿನದು. ಉಳಿದ ತಿಂಗಳುಗಳಿಗೆ ಉತ್ತರ ಬೇರೆಡೆ ಹುಡುಕಬೇಕು.

ಜಿಲ್ಲಾ ಕೇಂದ್ರವಾದ ಮೇಲೆ ಯಾದಗಿರಿಗೆ ಬಂದದ್ದು ಸರ್ಕಾರಿ ಕೆಲಸ: ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ನ್ಯಾಯಾಲಯ, ಮುಂದೆ ವೈದ್ಯಕೀಯ ಕಾಲೇಜು. ಕಚೇರಿಗಳು ಒಮ್ಮೆಗೇ ಬಂದವು, ವಸತಿಗೃಹಗಳು ಅದೇ ವೇಗದಲ್ಲಿ ಬರಲಿಲ್ಲ. ಕಲಬುರಗಿಯಲ್ಲಿ ಮನೆ ಇಟ್ಟುಕೊಂಡು, ಮಕ್ಕಳ ಶಾಲೆಯ ನೆಪ ಹೇಳಿ, ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೊರಡುವ ನೌಕರರ ಬಗ್ಗೆ ಊರಿನವರ ದೂರು ಹಳೆಯದು. ನೆಪ ಎಂದೆನಾದರೂ ಅದರಲ್ಲಿ ಅರ್ಧ ಸತ್ಯವಿದೆ. ಕೆಲಸದ ಜಾಗದಲ್ಲಿ ಮನೆಯಷ್ಟೇ ಇದ್ದರೆ ಸಾಲದು, ಶಾಲೆ ಮತ್ತು ಆಸ್ಪತ್ರೆಯೂ ಬೇಕು ಎಂಬುದನ್ನು ಕ್ಯಾಲಿಫೋರ್ನಿಯಾದ ಭಾಗಾಕಾರ ಹೇಳುವುದಿಲ್ಲ, ಯಾದಗಿರಿಯ ರೈಲು ನಿಲ್ದಾಣ ಹೇಳುತ್ತದೆ.

ಕಡೇಚೂರು–ಬಾಡಿಯಾಳ

ಜಿಲ್ಲೆಯ ಅತಿ ದೊಡ್ಡ ಕೈಗಾರಿಕಾ ಪ್ರಯೋಗ ನಡೆದಿರುವುದು ಈ ಮೂರು ಊರುಗಳಲ್ಲಿ ಯಾವುದರಲ್ಲೂ ಅಲ್ಲ. ಯಾದಗಿರಿಯಿಂದ ದಕ್ಷಿಣಕ್ಕೆ, ಸೈದಾಪುರ ರೈಲು ನಿಲ್ದಾಣಕ್ಕೆ ಹತ್ತಿರ, ತೆಲಂಗಾಣದ ಗಡಿ ಮುಟ್ಟುವಷ್ಟು ದೂರದಲ್ಲಿ, ಕಡೇಚೂರು ಮತ್ತು ಬಾಡಿಯಾಳ ಹಳ್ಳಿಗಳ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನಪಡಿಸಿಕೊಂಡಿತು. ರೈಲು, ನದಿ ಎರಡೂ ಹತ್ತಿರ, ಜಮೀನಿನ ಬೆಲೆ ಕಡಿಮೆ. ಕಾಗದದ ಮೇಲೆ ಈ ಆಯ್ಕೆಗೆ ಕುಂದಿಲ್ಲ.

ಮೊದಲು ಬಂದದ್ದು ರೈಲ್ವೆ. ಗುರುಮಠಕಲ್ ಕ್ಷೇತ್ರವನ್ನು ದಶಕಗಳ ಕಾಲ ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ಮಲ್ಲಿಕಾರ್ಜುನ ಖರ್ಗೆ 2013–14ರಲ್ಲಿ ರೈಲ್ವೆ ಸಚಿವರಾಗಿದ್ದಾಗ ಇಲ್ಲಿಗೆ ಕಾರ್ಖಾನೆ ಮಂಜೂರಾಯಿತು. ಪ್ರಯಾಣಿಕರ ಡಬ್ಬಿಯ ಕೆಳಗೆ ಗಾಲಿಗಳು ಕೂರುವ ಚೌಕಟ್ಟು ತಯಾರಿಸುವುದು ಅದರ ಕೆಲಸ. ಆಮೇಲೆ ಔಷಧ ಮತ್ತು ರಾಸಾಯನಿಕ ಕಂಪನಿಗಳು ಬಂದವು. ಕೇಂದ್ರದ ಬೃಹತ್ ಔಷಧ ಪಾರ್ಕ್ ಯೋಜನೆಗೂ ರಾಜ್ಯ ಅರ್ಜಿ ಹಾಕಿತ್ತು. 2022ರಲ್ಲಿ ಅದು ಗುಜರಾತ್, ಹಿಮಾಚಲ ಪ್ರದೇಶ, ಆಂಧ್ರಪ್ರದೇಶಗಳಿಗೆ ಹೋಯಿತು.

ಈ ಎರಡು ಬಗೆಯ ಕಾರ್ಖಾನೆಗಳೂ ಎಕರೆ ಹೆಚ್ಚು ಬೇಡುತ್ತವೆ, ಕೈ ಕಡಿಮೆ ಬೇಡುತ್ತವೆ. ಔಷಧ ಘಟಕದಲ್ಲಿ ರಸಾಯನಶಾಸ್ತ್ರದ ಪದವೀಧರರು, ಬಾಯ್ಲರ್ ನಡೆಸುವವರು, ಗುಣಮಟ್ಟ ನೋಡುವವರು ಬೇಕು; ಹತ್ತನೆಯ ತರಗತಿ ದಾಟದ ಹುಡುಗನಿಗೆ ಅಲ್ಲಿ ಸಿಗುವುದು ಡ್ರಮ್ಮು ಉರುಳಿಸುವ, ಗೇಟು ಕಾಯುವ ಕೆಲಸ, ಅದೂ ಗುತ್ತಿಗೆದಾರನ ಕೈಕೆಳಗೆ. ಬಿಹಾರ, ಒಡಿಶಾ, ಉತ್ತರಪ್ರದೇಶದಿಂದ ಬಂದವರು ಸೈದಾಪುರದಲ್ಲಿ ಒಂದು ಕೋಣೆಗೆ ಐದಾರು ಜನರಂತೆ ಇರುತ್ತಾರೆ. ಅದೇ ಸೈದಾಪುರದ ನಿಲ್ದಾಣದಲ್ಲಿ ಸುತ್ತಲಿನ ಹಳ್ಳಿಯವರು ಚೀಲ ಕಟ್ಟಿಕೊಂಡು ಬೆಂಗಳೂರು, ಮುಂಬೈ ರೈಲು ಹತ್ತುತ್ತಾರೆ. ಒಂದೇ ಪ್ಲಾಟ್‌ಫಾರ್ಮಿನ ಮೇಲೆ ಕೆಲಸಕ್ಕೆ ಬರುವವರೂ ಕೆಲಸ ಅರಸಿ ಹೋಗುವವರೂ ಎದುರಾಗುವ ಈ ದೃಶ್ಯವನ್ನು ಹೂಡಿಕೆಯ ಕೋಟಿಗಳ ಲೆಕ್ಕ ತೋರಿಸುವುದಿಲ್ಲ.

ಕಾರ್ಖಾನೆಗಳ ದುರ್ವಾಸನೆ, ತ್ಯಾಜ್ಯ ನೀರಿನ ಬಗ್ಗೆ ಕಡೇಚೂರು ಸುತ್ತಲಿನ ಹಳ್ಳಿಗಳು ಮತ್ತೆ ಮತ್ತೆ ಪ್ರತಿಭಟಿಸಿವೆ. ವಸತಿಯ ಪ್ರಶ್ನೆಗೂ ಇದಕ್ಕೂ ನೇರ ನಂಟಿದೆ. ರಾಸಾಯನಿಕ ಘಟಕದ ಮಗ್ಗುಲಲ್ಲಿ ಮನೆ ಕಟ್ಟುವುದು ಸಮತೋಲನವಲ್ಲ, ಅಪಾಯ. ಅಂಥಲ್ಲಿ ಮನೆ ದೂರವಿರಬೇಕು, ಬಸ್ಸು ಹತ್ತಿರವಿರಬೇಕು. ಶಹಾಪುರದ ಗೋಗಿಯಲ್ಲಿ ಯುರೇನಿಯಂ ಗಣಿಯ ಪ್ರಸ್ತಾಪ ಬಂದಾಗಲೂ ಜನ ವಿರೋಧಿಸಿದ್ದು ಇದೇ ಭಯದಿಂದ: ಕೆಲಸ ಎಷ್ಟು ಮಂದಿಗೆ ಸಿಗುತ್ತದೋ ತಿಳಿಯದು, ಬಾವಿ ನೀರು ಮಾತ್ರ ಎಲ್ಲರದು.

ಗುಳೆ

ಸುಗ್ಗಿ ಮುಗಿದ ಮೇಲೆ, ಕೆಲವೊಮ್ಮೆ ದೀಪಾವಳಿ ಕಳೆದ ಕೂಡಲೇ, ಯಾದಗಿರಿ ಜಿಲ್ಲೆಯ ಹಳ್ಳಿ–ತಾಂಡಾಗಳಿಂದ ಜನ ದುಡಿಯಲು ಹೊರಡುತ್ತಾರೆ; ಇದಕ್ಕೇ ಇಲ್ಲಿ ಗುಳೆ ಎನ್ನುವುದು. ಹೆಚ್ಚಿನವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮುಂಬೈ, ಪುಣೆ, ಗೋವಾ, ಹೈದರಾಬಾದಿಗೆ ಹೋಗುವವರೂ ಇದ್ದಾರೆ. ಉದ್ಯಾನ್ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್‌ಗಳ ಜನರಲ್ ಡಬ್ಬಿಗಳಲ್ಲಿ ಆಗ ಕಾಲಿಡಲು ಜಾಗವಿರುವುದಿಲ್ಲ. ಶಹಾಪುರ, ಸುರಪುರದ ಬಸ್ ನಿಲ್ದಾಣಗಳಿಂದ ರಾತ್ರಿ ಬಸ್ಸುಗಳು ತಲೆದಿಂಬು, ಜೋಳದ ಹಿಟ್ಟಿನ ಚೀಲ, ಗ್ಯಾಸಿನ ಒಲೆ ಏರಿಸಿಕೊಂಡು ಹೊರಡುತ್ತವೆ.

ಬೆಂಗಳೂರಿನ ಹೊರವಲಯದ ಖಾಲಿ ಸೈಟುಗಳಲ್ಲಿ ಇವರ ಶೆಡ್ಡುಗಳು ಸಾಲಾಗಿ ನಿಲ್ಲುತ್ತವೆ. ನಾಲ್ಕು ಕಡೆ ತಗಡು, ಮೇಲೆ ತಗಡು, ಅದರ ಮೇಲೆ ಮಳೆ ಸೋರದಂತೆ ನೀಲಿ ತಾಡಪಾಲು, ತಾಡಪಾಲು ಹಾರದಂತೆ ಇಟ್ಟ ಹಾಲೋಬ್ಲಾಕುಗಳು. ಜಾಗದ ಮಾಲೀಕನಿಗೆ ತಿಂಗಳ ಬಾಡಿಗೆ, ಟ್ಯಾಂಕರ್ ನೀರಿಗೆ ಬೇರೆ ಹಣ. ಹತ್ತಿರದಲ್ಲೇ ಅವರು ಕಟ್ಟುತ್ತಿರುವ ಅಪಾರ್ಟ್‌ಮೆಂಟು. ಅದೇ ಕುಟುಂಬದ ಸುರಪುರ ಸೀಮೆಯ ಮನೆಗೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆ, ದನ ಕಟ್ಟುವ ಜಾಗ ಎಲ್ಲವೂ ಇರುತ್ತವೆ. ಬೇಸಿಗೆಗೆ ಆ ಮನೆ ತಂಪು, ತಗಡಿನ ಶೆಡ್ಡು ಕಾದ ಹಂಚು. ಮಹಾನಗರ ಇವರ ದುಡಿಮೆಯನ್ನು ತೆಗೆದುಕೊಂಡು ವಸತಿಯ ಖರ್ಚನ್ನು ಇವರ ಹಳ್ಳಿಯ ಮೇಲೆಯೇ ಬಿಟ್ಟಿದೆ ಎನ್ನುವುದು ಈ ಲೇಖಕನ ಅಭಿಪ್ರಾಯ. ಬೆಂಗಳೂರಿನ ಉದ್ಯೋಗ–ವಸತಿ ಲೆಕ್ಕ ಸರಿ ಕಾಣುತ್ತಿದ್ದರೆ ಅದಕ್ಕೆ ಒಂದು ಕಾರಣ, ಆ ಶೆಡ್ಡುಗಳು ಮನೆಗಳ ಪಟ್ಟಿಯಲ್ಲೂ ಇಲ್ಲ, ಅವುಗಳಲ್ಲಿ ಇರುವವರು ಉದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ.

ಕಾನೂನೂ ಇವರಿಗೆ ಅರ್ಧ ಬೆನ್ನು ತಿರುಗಿಸಿತ್ತು. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಮಾಡಿದ ಕಾಯಿದೆ ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಸುರಪುರದವನು ಹೈದರಾಬಾದಿಗೆ ಹೋದರೆ ವಲಸಿಗನಾಗುತ್ತಿದ್ದ, ಅದಕ್ಕಿಂತ ಎಷ್ಟೋ ದೂರದ ಬೆಂಗಳೂರಿಗೆ ಹೋದರೆ ಆಗುತ್ತಿರಲಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆ, ಮಾಲೀಕನು ಕೆಲಸದ ಸ್ಥಳದಲ್ಲಿ ಅಥವಾ ಅದರ ಹತ್ತಿರ ತಾತ್ಕಾಲಿಕ ವಸತಿಯನ್ನು ಪುಕ್ಕಟೆಯಾಗಿ ಕೊಡಬೇಕು ಎಂದು ವಿಧಿಸಿತು. ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ನಿಂತವನಿಗೆ ಮಾಲೀಕ ಯಾರು ಎಂಬುದೇ ತಿಳಿಯುವುದಿಲ್ಲವಾದ್ದರಿಂದ ಆ ವಿಧಿ ದೊಡ್ಡ ಕಂಪನಿಗಳ ಕಾಂಪೌಂಡಿನ ಒಳಗೇ ಉಳಿಯಿತು. 2020ರ ಲಾಕ್‌ಡೌನಿನಲ್ಲಿ ಇವರೆಲ್ಲ ಒಟ್ಟಿಗೆ ಊರಿಗೆ ಮರಳಿದಾಗ ಬೀಗ ಹಾಕಿದ್ದ ಮನೆಗಳು ತೆರೆದವು. ಉದ್ಯೋಗ ಖಾತ್ರಿಯ ಕೆರೆ ಹೂಳು, ಬದು ನಿರ್ಮಾಣ ಕೆಲವು ತಿಂಗಳು ಕೈ ಹಿಡಿಯಿತು. ನಗರದ ಕೆಲಸ ಶುರುವಾದೊಡನೆ ಬಸ್ಸುಗಳು ಮತ್ತೆ ತುಂಬಿದವು.

ಗುಳೆ ಪೂರ್ತಿ ನಿಲ್ಲಬೇಕೆಂದು ಬಯಸುವುದು ಮನೆಯಲ್ಲಿ ಕೂತವರ ಆಸೆ. ಹೋದವರಲ್ಲಿ ಹಲವರು ಸಾಲ ತೀರಿಸಿದ್ದಾರೆ, ಆರ್‌ಸಿಸಿ ಮನೆ ಕಟ್ಟಿಸಿದ್ದಾರೆ, ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ತೊಂದರೆ ಇರುವುದು ಮಕ್ಕಳನ್ನು ಕರೆದುಕೊಂಡು ಹೋಗಬೇಕಾದಾಗ. ಸಾಕ್ಷರತೆಯ ಆ ಶೇ 51.83ರ ಹಿಂದೆ ಇಂಥ ಅರ್ಧ ವರ್ಷದ ಶಾಲೆಗಳೂ ಇವೆ.

ಕಾಲನಿಗಳು

ಕೆಲಸಕ್ಕೂ ಮೊದಲೇ ಮನೆ ಕಟ್ಟಿದ ಉದಾಹರಣೆ ಈ ನೆಲದಲ್ಲೇ ಉಂಟು. ಶಹಾಪುರದ ಮಗ್ಗುಲಿನ ಭೀಮರಾಯನಗುಡಿ, ಕಾಲುವೆ ತೋಡುವ ಎಂಜಿನಿಯರುಗಳು ಮತ್ತು ಸಿಬ್ಬಂದಿಗಾಗಿ ಎದ್ದ ಕಾಲನಿ. ಸಾಲು ಕ್ವಾರ್ಟರ್ಸ್, ಅಗಲ ರಸ್ತೆ, ಬೇವಿನ ಮರ, ಆವರಣದಲ್ಲೇ ಕಚೇರಿ. ಮುಂದೆ 1994ರಲ್ಲಿ ಆದ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಗಳು, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಕೃಷಿ ಕಾಲೇಜು ಅಲ್ಲಿಯೇ ನೆಲೆಸಿದವು. ಯೋಜನೆ ಒಂದು ಹಂತಕ್ಕೆ ಬಂದು ಸಿಬ್ಬಂದಿ ಕರಗಿದರೂ ಕಾಲನಿ ಪೂರ್ತಿ ಪಾಳು ಬೀಳದೆ ಉಳಿದದ್ದು ಈ ಎರಡನೆಯ, ಮೂರನೆಯ ಕೆಲಸಗಳಿಂದ.

ಹಾಗೆ ಉಳಿಯದ ಊರು ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಸಿಮೆಂಟ್ ಕಾರ್ಖಾನೆ ಕಂಡು, 1936ರಲ್ಲಿ ಎಸಿಸಿ ಕಂಪನಿಯ ಭಾಗವಾಗಿ, ಕಂಪನಿ ಕಾಲನಿ, ಕ್ಲಬ್ಬು, ಶಾಲೆಗಳೊಂದಿಗೆ ಮೆರೆದ ಊರು ಅದು. ಕಾರ್ಖಾನೆ ಕೈ ಬದಲಾಗಿ ಕೊನೆಗೆ ಮುಚ್ಚಿದಾಗ ಮನೆಗಳು ಉಳಿದವು, ಸಂಬಳ ನಿಂತಿತು. ಒಬ್ಬನೇ ಮಾಲೀಕನನ್ನು ನಂಬಿದ ಊರಿನಲ್ಲಿ ಉದ್ಯೋಗ–ವಸತಿ ಲೆಕ್ಕ ಎಷ್ಟೇ ಚೊಕ್ಕಟವಾಗಿದ್ದರೂ ಒಂದು ನೋಟಿಸಿಗೆ ಅಳಿಸಿಹೋಗುತ್ತದೆ. ವಾಡಿ, ಮಳಖೇಡ, ರಾಯಚೂರಿನ ಶಕ್ತಿನಗರ, ಬಳ್ಳಾರಿ ಸೀಮೆಯ ತೋರಣಗಲ್ಲು ಇವೆಲ್ಲ ಇನ್ನೊಂದು ಮಾದರಿ: ಗೇಟಿನ ಒಳಗೆ ಕಾಯಂ ನೌಕರರ ಕಾಲನಿ, ಗೇಟಿನ ಹೊರಗೆ ಗುತ್ತಿಗೆಯವರ ಬಾಡಿಗೆ ಕೋಣೆಗಳು. ಕಡೇಚೂರಿನಲ್ಲಿ ಗೇಟಿನ ಒಳಗಿನ ಕಾಲನಿಯ ಕಾಲ ಮುಗಿದಿದೆ. ಈಗಿನ ಕಂಪನಿಗಳು ಮನೆ ಕಟ್ಟಿಸುವ ಉಸಾಬರಿಗೆ ಹೋಗುವುದಿಲ್ಲ, ಬಸ್ಸು ಬಿಡುತ್ತವೆ.

ಪ್ಲಾಟು ಮತ್ತು ಕಾನೂನು

ಮೂರೂ ಊರುಗಳ ಹೊರವಲಯದಲ್ಲಿ, ತೊಗರಿ ಹೊಲದ ನಡುವೆ ಸುಣ್ಣ ಬಳಿದ ಗಡಿಕಲ್ಲುಗಳ ಸಾಲು ಕಾಣುತ್ತದೆ. ರಸ್ತೆಗೆ ಮುರುಮು ಚೆಲ್ಲಿ, ಕಮಾನು ನಿಲ್ಲಿಸಿ, ಲೇಔಟಿಗೊಂದು ದೇವರ ಹೆಸರಿಟ್ಟಿರುತ್ತಾರೆ. ಭೂಕಂದಾಯ ಕಾಯಿದೆಯ 95ನೆಯ ಕಲಮಿನಡಿ ಕೃಷಿ ಜಮೀನನ್ನು ಪರಿವರ್ತಿಸಿದ್ದಾದರೆ ಅದು ಎನ್‌ಎ (ಕೃಷಿಯೇತರ) ಪ್ಲಾಟು, ಪರಿವರ್ತಿಸದೆ ಗುಂಟೆ ಲೆಕ್ಕದಲ್ಲಿ ಮಾರಿದ್ದಾದರೆ ಅಗ್ಗ. ಜಿಲ್ಲೆ ಘೋಷಣೆಯಾದಾಗ, ಕಡೇಚೂರಿನ ಸುದ್ದಿ ಬಂದಾಗ, ಪ್ಲಾಟುಗಳ ದರ ಏರಿತು. ಕೊಂಡವರಲ್ಲಿ ಮನೆ ಕಟ್ಟಿದವರು ಕಡಿಮೆ. ಶಿಕ್ಷಕರು, ಗುತ್ತಿಗೆದಾರರು, ಕಾಲುವೆ ಸೀಮೆಯ ದೊಡ್ಡ ರೈತರು ಹಣ ಹೂಡಿಟ್ಟರು. ಹೀಗೆ ಖಾಲಿ ಪ್ಲಾಟು ಹೇರಳವಾಗಿದ್ದೂ ಬಾಡಿಗೆ ಮನೆ ಸಿಗದ ಸ್ಥಿತಿ. ಬಡವರ ಪಾಲಿಗೆ ಆಶ್ರಯದ ನಿವೇಶನ, ರಾಜೀವ್ ಗಾಂಧಿ ವಸತಿ ನಿಗಮದ ಮನೆ, ಪ್ರಧಾನಮಂತ್ರಿ ಆವಾಸ್ ಯೋಜನೆ ಇವೆ. ಇವೆಲ್ಲ ಸ್ವಂತ ಮನೆ ಕೊಡುವ ಯೋಜನೆಗಳು. ಎರಡು ವರ್ಷ ಇದ್ದು ಹೋಗುವ ಕಾರ್ಮಿಕನಿಗೆ ಬೇಕಾದದ್ದು ಬಾಡಿಗೆಯ ಹಾಸಿಗೆ. ಕೇಂದ್ರ ಸರ್ಕಾರ 2020ರಲ್ಲಿ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನೂ, 2024ರ ಬಜೆಟ್ಟಿನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಡಾರ್ಮಿಟರಿ ಮಾದರಿಯ ವಸತಿಯನ್ನೂ ಘೋಷಿಸಿತು. ಸೈದಾಪುರಕ್ಕೆ ಒಪ್ಪುವ ಯೋಜನೆ ಇದ್ದರೆ ಅದು ಇದು.

ಇಲ್ಲಿ ಆಡಳಿತದ ಒಂದು ಸೀಳು ಅಡ್ಡ ಬರುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಯಾದಗಿರಿ ನಗರಾಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು ಮಹಾಯೋಜನೆ ತಯಾರಿಸುತ್ತವೆ. ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ. ಆ ನಕ್ಷೆ ಊರಿನ ಸುತ್ತಲಿನ ಹಳ್ಳಿಗಳಿಗೆ ನಿಲ್ಲುತ್ತದೆ. ದೊಡ್ಡ ಕೈಗಾರಿಕಾ ಪ್ರದೇಶ ಏಳುವುದು 1966ರ ಬೇರೆಯೇ ಕಾಯಿದೆಯಡಿ, ಬೇರೆಯೇ ಮಂಡಳಿಯಿಂದ. ನೇರಳೆಯೆಲ್ಲ ಒಬ್ಬರ ಕೈಯಲ್ಲಿ, ಹಳದಿಯೆಲ್ಲ ಇನ್ನೊಬ್ಬರ ಕೈಯಲ್ಲಿದ್ದು, ನಡುವಿನ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದಾಗಿರುವಾಗ ಮೂವರನ್ನೂ ಕೂಡಿಸಿ ಕೇಳುವವರು ಯಾರೂ ಇರುವುದಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಯಾದಗಿರಿ, ಗುರುಮಠಕಲ್, ವಡಗೇರಾ ಕಡೆಯಿಂದ ಬಸ್ಸಿದ್ದರೆ ಹಳ್ಳಿಯ ಕಲ್ಲಿನ ಮನೆಗಳೇ ಕಾರ್ಖಾನೆಯ ವಸತಿಯಾಗುತ್ತವೆ. ಹೊಸದಾಗಿ ಕಟ್ಟುವ ಸಾವಿರ ಮನೆಗಿಂತ ಇದು ಅಗ್ಗ.

ಸ್ಥಳೀಯರಿಗೆ ಕೆಲಸ ಎಂಬ ವಾಗ್ದಾನದ ಮಿತಿಯನ್ನೂ ಗುರುತಿಸಬೇಕು. ಸಂವಿಧಾನದ 371-ಜೆ ವಿಧಿ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ 85 ಮೀಸಲು ತಂದಿತು. ಅದು ಸರ್ಕಾರಿ ನೌಕರಿಗೆ. ಖಾಸಗಿ ಕಾರ್ಖಾನೆಗಳಿಗೆ ಅನ್ವಯಿಸುವುದು ಸರೋಜಿನಿ ಮಹಿಷಿ ವರದಿಯ ಬೆನ್ನು ಹಿಡಿದು ಕೈಗಾರಿಕಾ ನೀತಿಗಳಲ್ಲಿ ಬರುವ, ಶೇ 70ರಷ್ಟು ಕೆಲಸ ಕನ್ನಡಿಗರಿಗೆ ಎಂಬ ಷರತ್ತು. ಅದರಲ್ಲಿ ಕನ್ನಡಿಗ ಎಂದರೆ ಇಡೀ ರಾಜ್ಯದವನು. ಕಡೇಚೂರಿನಲ್ಲಿ ಜಮೀನು ಕಳೆದುಕೊಂಡವನಿಗೆ ಅಲ್ಲಿ ವಿಶೇಷ ಪಾಲಿಲ್ಲ. 2024ರ ಜುಲೈಯಲ್ಲಿ ಖಾಸಗಿ ಉದ್ಯೋಗ ಮೀಸಲಿನ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು.

ನೀರು

ಕಾರ್ಖಾನೆ, ಮನೆ ಎರಡನ್ನೂ ಅಂತಿಮವಾಗಿ ಅಳೆಯುವುದು ಇಲ್ಲಿ ನೀರು. 2023ರ ಜನವರಿ 19ರಂದು ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಎರಡು ಜಲಯೋಜನೆಗಳ ಕಾರ್ಯಕ್ರಮ ನಡೆಸಿದರು. ಒಂದು, 10 ಸಾವಿರ ಕ್ಯೂಸೆಕ್ ಹರಿಸಬಲ್ಲ ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣದ ಉದ್ಘಾಟನೆ. ಇನ್ನೊಂದು, 700ಕ್ಕೂ ಹೆಚ್ಚು ಜನವಸತಿಗಳಿಗೆ ಮತ್ತು ಮೂರು ಪಟ್ಟಣಗಳಿಗೆ ಕುಡಿಯುವ ನೀರು ಕೊಡುವ, ದಿನಕ್ಕೆ 11.7 ಕೋಟಿ ಲೀಟರ್ ಶುದ್ಧೀಕರಿಸುವ, 2,050 ಕೋಟಿ ರೂಪಾಯಿಯ ಬಹುಗ್ರಾಮ ಯೋಜನೆಯ ಶಂಕುಸ್ಥಾಪನೆ. ಕಾಲುವೆ ಬಾಯಿಯ ಸುರಪುರ, ಹುಣಸಗಿಯಲ್ಲಿ ಭತ್ತಕ್ಕೆ ನೀರು ನಿಂತಿರುವಾಗ ಕೊನೆ ಭಾಗದ ರೈತರು ಪ್ರತಿ ವರ್ಷ ಧರಣಿ ಕೂರುತ್ತಾರೆ. ಭೀಮೆ ಬೇಸಿಗೆಯಲ್ಲಿ ಬ್ಯಾರೇಜುಗಳ ಹಿಂದಿನ ಮಡುಗಳಾಗಿ ಒಡೆಯುತ್ತದೆ. ಯಾದಗಿರಿ ನಗರದ ನಲ್ಲಿಗೆ ನೀರು ಬರುವುದು ಅದೇ ನದಿಯಿಂದ. ಇನ್ನಷ್ಟು ಔಷಧ ಘಟಕಗಳಿಗೆ ಪರವಾನಗಿ ಕೊಡುವ ಮೊದಲು ಫೆಬ್ರುವರಿಯಿಂದ ಮೇವರೆಗಿನ ಹರಿವನ್ನು ಮೂರು ಊರುಗಳ ಮನೆಗಳ ಸಂಖ್ಯೆಯ ಜತೆ ಇಟ್ಟು ನೋಡಬೇಕಾಗುತ್ತದೆ, ಮತ್ತು ಆ ಮನೆಗಳ ಸಂಖ್ಯೆ 2011ರ ಗಣತಿಯದಾಗಿರಬಾರದು.